ಎಡಕ್ಕೆ ವಾಲಿದ ಗಾಯಕಿ

ತಿಹೋಮಿರ್ ಸ್ಟೂಲಿನ ಮೇಲಿಂದ ಬಿದ್ದದ್ದು ಶನಿವಾರ ಸಂಜೆ ಐದೂವರೆಗೆ, ಹಲ್ಲಿನ ಡಾಕ್ಟರ್ ಸ್ಪಾಸೋಯೆಯವರ ಮನೆಯಲ್ಲಿ, ಮೂರು ಜನರ ಕಣ್ಣೆದುರಿಗೆ, ಹೊಟ್ಟೆಯಲ್ಲಿ ಒಂದೇ ಒಂದು ಗುಟುಕು ರಕಿಯಾ ಸಾರಾಯಿ ಇದ್ದಾಗ. ಈ ಕೊನೆಯ ಸಂಗತಿಯನ್ನು ಅವನು ಇವತ್ತಿಗೂ ಒತ್ತಿ ಹೇಳುತ್ತಾನೆ. ಇವತ್ತಿಗೂ ಯಾರೂ ನಂಬುವುದಿಲ್ಲ.

ನಿಶ್ ಪಟ್ಟಣದಲ್ಲಿ ಹೆಡ್‌ಫೋನಿನ ಹುಚ್ಚು ಹತ್ತಿದವರು ನಾಲ್ಕೇ ಜನ. ಶನಿವಾರ ಬಂತೆಂದರೆ ಡಾಕ್ಟರ ಮನೆಯಲ್ಲಿ ಸೇರುತ್ತಾರೆ. ಒಂದೇ ಹಾಡನ್ನು ಎರಡು ಮೂರು ಹೆಡ್‌ಫೋನುಗಳಲ್ಲಿ ಸರದಿಯ ಮೇಲೆ ಕೇಳಿ, ಯಾವುದು ಮೇಲು ಎಂದು ಜಗಳವಾಡಿ, ಮುನಿಸಿಕೊಂಡು ಮನೆಗೆ ಹೋಗುತ್ತಾರೆ. ಜಗಳಕ್ಕೂ ಒಂದು ಕಟ್ಟಳೆ ಇದೆ. ಜೋರಾಗಿ ಕೇಳಿಸಿದ್ದೇ ಚೆಂದ ಅನ್ನಿಸುವುದು ಮನುಷ್ಯನ ದೌರ್ಬಲ್ಯ. ಆದ್ದರಿಂದ ಡಾಕ್ಟರು ಮೊದಲು ಮೀಟರ್ ಹಿಡಿದು ಎಲ್ಲವನ್ನೂ ಒಂದೇ ಜೋರಿಗೆ ತರುತ್ತಾರೆ. ಕೇಳುವವನು ಕಣ್ಣು ಮುಚ್ಚಿ, ಕೈಕಟ್ಟಿ ಕೂರಬೇಕು. ಹೆಡ್‌ಫೋನನ್ನು ತಲೆಗೇರಿಸುವುದೂ ಇಳಿಸುವುದೂ ಡಾಕ್ಟರೇ, ಹಲ್ಲು ಕೀಳುವಾಗಿನ ಅದೇ ಗಾಂಭೀರ್ಯದಿಂದ.

ತಿಹೋಮಿರ್ ವಾರವಿಡೀ ಕಾರು ಕಲಿಸುವ ಮೇಷ್ಟರು. ವಾರದ ಕೊನೆಗೆ ಬೆಲ್‌ಗ್ರೇಡಿನ ಒಂದು ಮಾಸಪತ್ರಿಕೆಗೆ ಹೆಡ್‌ಫೋನುಗಳನ್ನು ಹೋಲಿಸಿ ಬರೆಯುವ ಪಂಡಿತ. 'ಮೇಲಿನ ಸ್ವರಗಳಲ್ಲಿ ಬಲಿಯದ ಸೇಬಿನ ಒಗರು' ಎಂಬಂಥ ವಾಕ್ಯಗಳನ್ನು ಬರೆದು, ಮರುದಿನ ತಾನೇ ಓದಿ, ಅರ್ಥವಾಗದೆ ಸಂತೋಷಪಡುವವನು. ಆ ಶನಿವಾರ ಅವನ ಪಾಲಿಗೆ ಮೂರು ಬಂದಿದ್ದವು. ಒಂದು ಜರ್ಮನಿಯದು, ಒಂದು ಜಪಾನಿನದು, ಮೂರನೆಯದು ಇದೇ ಊರಿನಲ್ಲಿ, ಹೊಳೆಯಾಚೆಯ ಸಣ್ಣ ಕಾರ್ಖಾನೆಯಲ್ಲಿ ಆದದ್ದು. ಮೂರರಲ್ಲಿ ಯಾವುದನ್ನು ಮಾರಿದರೂ ಒಂದು ಹಳೆಯ ಕಾರು ಬರುತ್ತಿತ್ತು.

ಒಳ್ಳೆಯ ಹೆಡ್‌ಫೋನಿನಲ್ಲಿ ಒಂಟಿ ದನಿ ಹಣೆಗೆ ಬೊಟ್ಟಿಡುವ ಜಾಗದಲ್ಲಿ ನಿಲ್ಲಬೇಕು. ಮೊದಲೆರಡರಲ್ಲಿ ಗಾಯಕಿ ಅಲ್ಲೇ ನಿಂತು ಹಾಡಿದಳು. ಮೂರನೆಯದರಲ್ಲಿ ಎಡ ಹುಬ್ಬಿನ ಮೇಲೆ ನಿಂತಳು. ಅವಳನ್ನು ನಡುವಿಗೆ ತರಲೆಂದು ತಿಹೋಮಿರ್ ತಲೆಯನ್ನು ತುಸು ಎಡಕ್ಕೆ ವಾಲಿಸಿದ. ಗಾಯಕಿಯೂ ವಾಲಿದಳು. ಇನ್ನೂ ವಾಲಿಸಿದ. ಅವಳೂ ಬಿಡಲಿಲ್ಲ. ಹೆಡ್‌ಫೋನು ತಲೆಯ ಮೇಲೇ ಇರುವಾಗ ತಲೆ ಹೋದ ಕಡೆಗೆಲ್ಲ ಗಾಯಕಿಯೂ ಬರುತ್ತಾಳೆ ಎಂಬುದು ಎರಡನೇ ಕ್ಲಾಸಿನ ಮಗುವಿಗೂ ಹೊಳೆಯುವ ಮಾತು. ಹದಿನೇಳು ವರ್ಷ ಇದರ ಮೇಲೇ ಲೇಖನ ಬರೆದವನಿಗೆ ಹೊಳೆದದ್ದು ಭುಜ ನೆಲಕ್ಕೆ ತಾಗಿ, ರಕಿಯಾ ಲೋಟಗಳ ತಟ್ಟೆ ಬೆನ್ನಿನ ಮೇಲೆ ಮಗುಚಿಕೊಂಡ ಮೇಲೆ.

"ಯಾಕಯ್ಯಾ, ಶಿಷ್ಯರಿಗೂ ಹೀಗೇ ಕಲಿಸ್ತೀಯಾ ತಿರುವು ತಗೊಳ್ಳೋದನ್ನ?" ಅಂದರು ಡಾಕ್ಟರು.

"ಗಾಯಕಿ ಎಡಕ್ಕಿದ್ದಾಳೆ, ಡಾಕ್ಟ್ರೇ."

ಡಾಕ್ಟರು ಅವನ ತಲೆಯಿಂದ ಹೆಡ್‌ಫೋನನ್ನು ತೆಗೆದು ತಾವೇ ಹಾಕಿಕೊಂಡರು. ಕಣ್ಣು ಮುಚ್ಚಿದರು. ಮುಖ ಅರಳಿತು. "ಎಲ್ಲಿ ಎಡಕ್ಕೆ? ನನ್ನ ಮೂಗಿನ ನೇರಕ್ಕೆ ನಿಂತಿದ್ದಾಳಲ್ಲೋ! ಹತ್ತು ವರ್ಷದಲ್ಲಿ ಯಾವ ಹೆಣ್ಣೂ ನನ್ನೆದುರು ಇಷ್ಟು ನೆಟ್ಟಗೆ ನಿಂತು ಹಾಡಿರಲಿಲ್ಲ. ತಿಹೋ, ನಿನ್ನ ಬಲಗಿವಿ ಹೋಗಿದೆ. ಇಷ್ಟು ವರ್ಷ ಕಾರಿನ ಬಲಗಡೆ ಸೀಟಿನಲ್ಲಿ ಕಿಟಕಿಗೆ ಆ ಕಿವಿ ಕೊಟ್ಟು ಕೂತಿದ್ದೀಯಲ್ಲ, ಊರಿನ ರಸ್ತೆ ಅಗೆದಿದ್ದೆಲ್ಲ ಅದರೊಳಗೇ ಆಗಿದೆ."

ಉಳಿದಿಬ್ಬರು ನಗುವ ಭರದಲ್ಲಿ ತಮ್ಮ ಸರದಿಯನ್ನೇ ಮರೆತರು. ತಿಹೋಮಿರ್ ಒದ್ದೆ ಅಂಗಿಯಲ್ಲಿ, ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಕಿವಿಯಿಲ್ಲದ ಕಿವಿಪಂಡಿತನ ಬಾಳು ಹೇಗಿರುತ್ತದೆ ಎಂದು ಯೋಚಿಸುತ್ತ ಮಲಗಿದ. ಮೊದಲೆರಡರಲ್ಲಿ ಗಾಯಕಿ ನಡುವೆಯೇ ನಿಂತಿದ್ದಳು ಎಂಬುದು ಆ ನಾಚಿಕೆಯಲ್ಲಿ ನೆನಪಿಗೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿಗೆ ನೀರಿಟ್ಟಾಗ ಹಳೆಯ ಮಾತೊಂದು ನೆನಪಾಯಿತು. ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಮಾಡಿ ಹಾಕಿಕೊಂಡ. ಕಿವಿಯ ತಪ್ಪಾಗಿದ್ದರೆ ಗಾಯಕಿ ಈಗಲೂ ಎಡಕ್ಕೇ ಇರಬೇಕು. ಅವಳು ಬಲ ಹುಬ್ಬಿಗೆ ಹೋಗಿದ್ದಳು. ತಪ್ಪು ಕಿವಿಯದ್ದಲ್ಲ, ಹೆಡ್‌ಫೋನಿನದು! ತಿಹೋಮಿರ್ ಕಾಫಿ ಉಕ್ಕುವಷ್ಟು ಹೊತ್ತು ಕುಣಿದ. ಉಕ್ಕಿದ್ದನ್ನು ಒರೆಸುವಾಗ ಕುಣಿತ ನಿಂತುಹೋಯಿತು. ಈ ತಿರುಗಿಸಿ ಹಾಕುವ ಮಾತನ್ನು ತನಗೆ ಕಲಿಸಿದವರು ಯಾರು ಎಂಬುದು ಈಗ ನೆನಪಾಗಿತ್ತು.

ಪೆಟ್ಟಿಗೆಯ ತಳದಲ್ಲಿ ಒಂದು ದಪ್ಪ ಕಾರ್ಡು ಇತ್ತು. 'ಈ ಜೋಡಿಯನ್ನು ಮನುಷ್ಯರ ಕಿವಿ ಕೇಳಿ ಒಪ್ಪಿದೆ' ಎಂಬ ಅಚ್ಚಿನ ಸಾಲು. ಅದರ ಕೆಳಗೆ ನೀಲಿ ಶಾಯಿಯಲ್ಲಿ, ಗುಂಡು ಅಕ್ಷರದಲ್ಲಿ, ಲ್ಯುಬಿಂಕಾ.

ತೆತಾ ಲ್ಯುಬಿಂಕಾ ಅವನಿಗೆ ಚಿಕ್ಕಮ್ಮನಿದ್ದ ಹಾಗೆ. ಹಳೆಯ ರೇಡಿಯೋ ಕಾರ್ಖಾನೆಯಲ್ಲಿ ಅವನ ತಾಯಿಯೂ ಅವಳೂ ಒಂದೇ ಬೆಂಚಿನವರು. ಹದಿನೇಳನೇ ವಯಸ್ಸಿಗೆ ಸೇರಿದವಳಿಗೆ ಸಿಕ್ಕ ಕೆಲಸ ಜೋಡಿ ಮಾಡುವುದು. ಒಂದು ಬುಟ್ಟಿ ತುಂಬ ಪುಟ್ಟ ಸ್ಪೀಕರುಗಳು. ಅವುಗಳಲ್ಲಿ ಒಂದೇ ದನಿಯ ಎರಡನ್ನು ಹೆಕ್ಕಿ ಎಡಕ್ಕೊಂದು ಬಲಕ್ಕೊಂದು ಕೂರಿಸಬೇಕು. ಎಂಟು ವರ್ಷದ ತಿಹೋ ತಾಯಿಗೆ ಊಟದ ಡಬ್ಬಿ ಕೊಡಲು ಹೋದಾಗ ಅವಳು ಅವನ ತಲೆಗೊಂದು ಹೆಡ್‌ಫೋನು ಹಾಕಿ ಹೇಳಿದ್ದಳು: "ಎರಡು ಕಿವಿ ಒಂದೇ ತಾಯಿ ಮಕ್ಕಳಾದ್ರೂ ಒಂದೇ ಬುದ್ಧಿಯವಲ್ಲ ಮಗಾ. ಅದಕ್ಕೇ ನಾವು ಎರಡು ಸಲ ಹಾಕಿ ನೋಡೋದು, ನೆಟ್ಟಗೊಂದ್ಸಲ, ತಿರುಗಿಸಿ ಒಂದ್ಸಲ. ಎರಡು ಸಲವೂ ದನಿ ಒಂದೇ ಜಾಗದಲ್ಲಿ ನಿಂತ್ರೆ ಅದು ಜೋಡಿ."

ಕಾರ್ಖಾನೆ ಮುಚ್ಚಿತು. ಲ್ಯುಬಿಂಕಾ ಒಂಬತ್ತು ವರ್ಷ ಸಂತೆಯಲ್ಲಿ ಕಾಲುಚೀಲ ಮಾರಿದಳು. ಅಲ್ಲೂ ಬೆರಳಲ್ಲಿ ಸವರಿ ನೋಡದೆ ಒಂದು ಜೊತೆಯನ್ನೂ ಕೊಡಲಿಲ್ಲವಂತೆ; ಗಿರಾಕಿ ಬಸ್ಸು ತಪ್ಪಿಸಿಕೊಂಡರೂ ಸರಿಯೇ. ಆಮೇಲೆ ವುಕಾಶಿನ್ ಎಂಬವನು ಹೊಳೆಯಾಚೆ ಹೆಡ್‌ಫೋನ್ ಕಾರ್ಖಾನೆ ಇಟ್ಟು, ಇವಳನ್ನು ಹುಡುಕಿಕೊಂಡು ಸಂತೆಗೇ ಬಂದ. ಈಗ ಅವನು ಇವಳ ಗಜ್ದಾ, ಎಂದರೆ ಯಜಮಾನ. ಅಲ್ಲಿ ಅಳೆಯುವ ಯಂತ್ರವೂ ಇದೆ. ಆದರೆ ಯಂತ್ರ ಹೆಚ್ಚುಕಡಿಮೆ ಹೊಂದಿದರೆ ಸಾಕು, ಸರಿ ಅಂದುಬಿಡುತ್ತದೆ. ಆ ಹೆಚ್ಚುಕಡಿಮೆಯ ಅಂತರದಲ್ಲೇ ಲ್ಯುಬಿಂಕಾಳ ಅನ್ನ. ಪೆನ್ಷನ್ನಿಗೆ ಇನ್ನು ಎರಡು ವರ್ಷ.

ಎಡಗಡೆ ತುಸು ಜೋರಾಗಿರುವ ಜೋಡಿ ಯಾರಿಗೆ ಸಮವಾಗಿ ಕೇಳಿಸೀತು? ಎಡಗಿವಿ ತುಸು ಮಂದವಾದವರಿಗೆ. ತಿಹೋಮಿರನಿಗೆ ಡಾಕ್ಟರ ಅರಳಿದ ಮುಖ ನೆನಪಾಯಿತು. ನಗು ಬರಬೇಕಿತ್ತು, ಬರಲಿಲ್ಲ; ಈ ಜೋಡಿಯನ್ನು ಒಪ್ಪಿದ ಕಿವಿಯೂ ಅಂಥದ್ದೇ ಇರಬೇಕು. ಬುಧವಾರ ಲೇಖನ ಕಳಿಸಬೇಕು. ಹೆಡ್‌ಫೋನು ಎಡಕ್ಕೆ ವಾಲುತ್ತದೆ ಎಂದು ಬರೆದರೆ ಅದು ಯಾರ ಕಿವಿ ಎಂದು ಊರಿಗೆಲ್ಲ ಗೊತ್ತು. ಕಾರ್ಡಿನಲ್ಲಿ ಹೆಸರೇ ಇದೆ. ಬರೆಯದಿದ್ದರೆ ಕುಂಟು ಕುದುರೆಯನ್ನು ಹೊಗಳಿ ಓದುಗರಿಗೆ ಮಾರಿದ ಹಾಗೆ.

ಮಧ್ಯಾಹ್ನ ಪೆಟ್ಟಿಗೆ ಹಿಡಿದು ಅವಳ ಮನೆಗೆ ಹೋದ. ಸೆಪ್ಟೆಂಬರ್ ತಿಂಗಳು, ಬೀದಿ ಬೀದಿಯೇ ಕೆಂಪು ಮೆಣಸಿನಕಾಯಿ ಸುಡುವ ಹೊಗೆಯಲ್ಲಿ ಮುಳುಗಿತ್ತು. ಲ್ಯುಬಿಂಕಾ ಅಂಗಳದಲ್ಲಿ ಒಲೆಯ ಮುಂದೆ ಕೂತು ಚಳಿಗಾಲದ ಆಯ್ವಾರ್ ಚಟ್ನಿಗೆ ಕಾಯಿ ಸುಡುತ್ತಿದ್ದಳು.

"ಬಾ ಮಗಾ. ಎರಡು ಕೈ ಇರೋನು ಬಂದೆ, ಸಿಪ್ಪೆ ಸುಲಿ."

ತಿಹೋಮಿರ್ ಅವಳ ಎಡಗಡೆ ಇದ್ದ ಮಣೆಯ ಮೇಲೆ ಕೂತ. "ಕೆಲಸ ಹೇಗೆ ನಡೀತಿದೆ ತೆತಾ?" ಅಂದ. ಅವಳು ಕಾಯಿ ಮಗುಚಿದಳು. ಸ್ವಲ್ಪ ತಗ್ಗಿದ ದನಿಯಲ್ಲಿ, "ಬೆಕ್ಕು ಒಳಗೆ ಹೋಗಿ ಚೀಸ್ ತಿಂತಿದೆ ತೆತಾ," ಅಂದ. ಬೆಕ್ಕು ಅವಳ ಕಾಲ ಬಳಿಯೇ ಮಲಗಿತ್ತು. ಅವಳು ನೋಡಲೂ ಇಲ್ಲ.

"ಏನೋ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯ? ಎದ್ದು ಈ ಕಡೆ ಬಾ. ಅಲ್ಲಿ ಹೊಗೆ."

ಹೊಗೆಯೆಲ್ಲ ಅವಳು ತೋರಿಸಿದ ಬಲಗಡೆಗೇ ಹೋಗುತ್ತಿತ್ತು. ತಿಹೋಮಿರ್ ಎದ್ದು ಹೋಗಿ ಆ ಹೊಗೆಯಲ್ಲಿ ಕೂತ. ಕಣ್ಣಲ್ಲಿ ನೀರು ಬಂದದ್ದಕ್ಕೆ ಸದ್ಯ ಒಂದು ನೆಪವಾಯಿತು.

ತಿಹೋಮಿರ್ ಪೆಟ್ಟಿಗೆ ತೆರೆದ. ಅವಳು ಮೂರು ಸಲ ಕೈ ಒರೆಸಿಕೊಂಡು ಹೆಡ್‌ಫೋನು ಹಾಕಿಕೊಂಡಳು. ಅವನು ಹಾಡು ಹಾಕಿದ.

"ನಡುವೆ ನಿಂತಿದ್ದಾಳೆ," ಅಂದಳು. "ನಿಲ್ಲದೆ ಏನು? ನನ್ನ ಕೈದೇ ಅಲ್ವಾ."

ತಿಹೋಮಿರ್ ಅದನ್ನು ಅವಳ ತಲೆಯಿಂದ ಎತ್ತಿ, ತಿರುಗಿಸಿ, ಮತ್ತೆ ಹಾಕಿದ.

ಅವಳ ಕಣ್ಣು ನಿಧಾನವಾಗಿ ಬಲಕ್ಕೆ ಸರಿಯಿತು, ಮನೆಯೊಳಗೆ ಯಾರೋ ಗುರುತಿಲ್ಲದವರು ಬಂದು ಕೂತಿದ್ದಾರೇನೋ ಎಂಬಂತೆ. ಹಾಡು ಮುಗಿಯುವವರೆಗೂ ಅಲ್ಲೇ ನೋಡುತ್ತಿದ್ದಳು. ಒಲೆಯ ಮೇಲೆ ಆರು ಕಾಯಿ ಇದ್ದಿಲಾದವು. ಇಬ್ಬರೂ ಏಳಲಿಲ್ಲ.

"ಚಳಿಗಾಲದಿಂದ ಫೋನು ಬಲಗಿವಿಗೆ ಹಿಡೀತಿದ್ದೀನಿ," ಅಂದಳು ಕೊನೆಗೆ. "ಎಡಗೈ ನೋವು, ಅದಕ್ಕೇ ಇರಬೇಕು ಅಂದ್ಕೊಂಡಿದ್ದೆ."

"ತಿರುಗಿಸಿ ಹಾಕೋದನ್ನ ಯಾಕೆ ಬಿಟ್ರಿ?"

"ಗಜ್ದಾ ಬಿಡಿಸ್ದ, ಹೋದ ವರ್ಷ. ಯಂತ್ರ ಹೇಗಿದ್ರೂ ನೋಡಿರತ್ತೆ, ನೀವು ಒಂದ್ಸಲ ಕೇಳಿದ್ರೆ ಸಾಕು, ದಿನಕ್ಕೆ ಎರಡರಷ್ಟು ಆಗತ್ತೆ ಅಂದ." ಸುಟ್ಟ ಕಾಯೊಂದನ್ನು ತೆಗೆದುಕೊಂಡಳು. "ಅವನನ್ನ ಯಾಕೆ ಅನ್ಲಿ? ನನಗೂ ಜಂಬ. ಇಷ್ಟು ವರ್ಷದ ಕಿವಿಗೆ ಒಂದ್ಸಲ ಸಾಲ್ದಾ ಅಂತ."

ತಿಹೋಮಿರ್ ಸಮಾಧಾನಕ್ಕೆ ಏನಾದರೂ ಹೇಳಬೇಕೆಂದು ಹುಡುಕಿ, ಸಿಕ್ಕಿದ್ದನ್ನೇ ಹೇಳಿದ. "ಡಾಕ್ಟರಿಗೆ ಇದು ಬಹಳ ಹಿಡಿಸಿದೆ ತೆತಾ. ಕೊಂಡ್ಕೊಳ್ತಾರಂತೆ."

"ಹಾಗಾದ್ರೆ ಅವನ ಎಡಗಿವೀನೂ ಹೋಯ್ತು. ಪಾಪ." ಸ್ವಲ್ಪ ಯೋಚಿಸಿದಳು. "ಈಗ್ಲೇ ಹೇಳ್ಬೇಡ. ಮುಂದಿನ ವಾರ ನನ್ನ ದವಡೆ ಹಲ್ಲು ಕೀಳೋದಿದೆ. ಕೈ ನಡುಗೀತು ಅವನಿಗೆ."

ನಕ್ಕಳು. ಆದರೆ ಕಾಯಿಯ ಕರಿ ಸಿಪ್ಪೆ ಸುಲಿಯುತ್ತ ಸುಲಿಯುತ್ತ ತಿರುಳನ್ನೂ ಸುಲಿದು ಹಾಕಿ, ಕೊನೆಗೆ ಬರೀ ತೊಟ್ಟನ್ನು ಹಿಡಿದುಕೊಂಡು ಕೂತಿದ್ದಳು.

"ನೀನು ಬರೆಯೋನಲ್ವಾ? ಬರಿ."

"ಏನಂತ ಬರೀಲಿ?"

"ಇದ್ದದ್ದನ್ನ. ಸೇಬಿನ ಒಗರು, ಮೋಡದ ನೆರಳು ಅಂತೆಲ್ಲ ಬೇಡ, ನನಗರ್ಥ ಆಗಲ್ಲ."

"ಅವನು ನಿಮ್ಮನ್ನ ಮನೆಗೆ ಕಳಿಸಿಬಿಟ್ರೆ? ಎರಡು ವರ್ಷ ಬಾಕಿ ಇದೆ ತೆತಾ. ನಾಳೆಯಿಂದ ಸುಮ್ನೆ ಎರಡೆರಡು ಸಲ ಹಾಕಿ ನೋಡಿ. ಬಲಗಿವಿ ಚೆನ್ನಾಗಿದೆಯಲ್ಲ, ಯಾರಿಗೂ ತಿಳಿಯಲ್ಲ. ನಾನೂ ಸುಮ್ನಿರ್ತೀನಿ."

"ಈಗಾಗ್ಲೇ ಜೋಡಿ ಮಾಡಿ ಇಟ್ಟಿದ್ದೀನಲ್ಲ, ಅವು ಸುಮ್ನಿರ್ತಾವಾ?" ತೊಟ್ಟನ್ನು ಒಲೆಗೆ ಎಸೆದಳು. "ಕಾಲುಚೀಲ ಮಾರೋಕೆ ಕಿವಿ ಬೇಕಾಗಿಲ್ಲ. ಬರೆಯೋಕೆ ಬುಧವಾರದವರೆಗೆ ತಡಿ, ಅಷ್ಟೇ. ಸುಲಿ, ಸುಲಿ. ಕೈ ನಿಲ್ಲಿಸ್ಬೇಡ."

ಸೋಮವಾರ ತಿಹೋಮಿರ್ ಹನ್ನೊಂದು ಸಲ ಲೇಖನ ಶುರುಮಾಡಿದ. ಹನ್ನೊಂದೂ ಜರ್ಮನಿಯ ಹೆಡ್‌ಫೋನನ್ನು ಹೊಗಳುವುದರಲ್ಲೇ ಮುಗಿದವು. ಆ ದಿನ ಅವನಿಂದ ಕಾರು ಕಲಿತ ಹೆಣ್ಣುಮಗಳು ಎರಡು ಸಲ ಕೆಂಪು ದೀಪ ದಾಟಿದಳು. ಮೇಷ್ಟರಿಗೆ ಗೊತ್ತೇ ಆಗಲಿಲ್ಲ.

ಮಂಗಳವಾರ ಮಧ್ಯಾಹ್ನ ಹೆಡ್‌ಫೋನನ್ನು ಹಿಂದಿರುಗಿಸುವ ನೆಪದಲ್ಲಿ ಹೊಳೆಯಾಚೆಗೆ ಹೋದ. ಜೋಡಿ ಮಾಡುವ ಕೋಣೆಯ ಬಾಗಿಲು ತೆರೆದವನು ಅಲ್ಲೇ ನಿಂತ. ಮರುದಿನ ಬೆಳಿಗ್ಗೆ ಜಪಾನಿಗೆ ಹೋಗಬೇಕಾಗಿದ್ದ ಪೆಟ್ಟಿಗೆಗಳೆಲ್ಲ ಬಾಯ್ದೆರೆದು ನೆಲದ ತುಂಬ ಬಿದ್ದಿದ್ದವು. ಅವುಗಳ ನಡುವೆ ಲ್ಯುಬಿಂಕಾ ಕೂತಿದ್ದಳು. ಒಂದನ್ನು ನೆಟ್ಟಗೆ ಹಾಕಿಕೊಂಡು ಕೇಳುತ್ತಿದ್ದಳು, ತಿರುಗಿಸಿ ಹಾಕಿಕೊಂಡು ಕೇಳುತ್ತಿದ್ದಳು, ಆಮೇಲೆ ಎರಡು ರಾಶಿಗಳಲ್ಲಿ ಒಂದಕ್ಕೆ ಇಡುತ್ತಿದ್ದಳು. ಒಂದು ರಾಶಿ ಸಣ್ಣದು. ಇನ್ನೊಂದು ಸೊಂಟದವರೆಗೆ ಬೆಳೆದಿತ್ತು, ಅದರ ಪಕ್ಕದಲ್ಲಿ ಹರಿದ ಕಾರ್ಡುಗಳ ಗುಡ್ಡೆ. ಹರಿದ ಪ್ರತಿ ತುಂಡಿನಲ್ಲೂ ಅವಳದೇ ಅರ್ಧ ಹೆಸರು.

ಅವನು ಕರೆಯುವ ಮೊದಲೇ ಹಿಂದಿನಿಂದ ಗಜ್ದಾ ವುಕಾಶಿನ್ ಬಂದ, ಕೈಯಲ್ಲಿ ಫೋನು ಹಿಡಿದು. ಕೋಣೆ ನೋಡಿ ಫೋನನ್ನು ಜೇಬಿಗೆ ಹಾಕಿದ.

"ಇದೇನಿದು? ನಾಳೆ ಹೊರಡಬೇಕಾದ ಮಾಲು! ಯಾರ್ರೀ ಬಿಚ್ಚೋಕೆ ಹೇಳಿದ್ದು?"

ಲ್ಯುಬಿಂಕಾಳ ತಲೆಯ ಮೇಲೆ ಹೆಡ್‌ಫೋನು ಇತ್ತು. ಅವಳು ತಿರುಗಲಿಲ್ಲ.

ತಿಹೋಮಿರನ ಬಾಯಲ್ಲಿ ಒಂದು ಸುಳ್ಳು ತಯಾರಾಗಿತ್ತು: ಪತ್ರಿಕೆಯವರು ಕೇಳಿದರು, ನಾನೇ ಬಿಚ್ಚಿಸಿದೆ ಎಂದು. "ಗಜ್ದಾ, ಅದು ನಾನು..." ಎಂದು ಶುರುಮಾಡಿದ. ಅಷ್ಟರಲ್ಲಿ ಅವಳು ಕಡೆಗಣ್ಣಲ್ಲಿ ತಿಹೋಮಿರನನ್ನು ಕಂಡು ಒಂದು ಬೆರಳೆತ್ತಿದಳು, ಎಂಟು ವರ್ಷದ ಹುಡುಗನನ್ನು ಸುಮ್ಮನಿರಿಸುವ ಹಾಗೆ. ಅವನು ಆ ಸುಳ್ಳನ್ನು ಅಲ್ಲಿಗೇ ಬಿಟ್ಟ.

ಹಾಡು ಮುಗಿಯಿತೇನೋ. ಅವಳು ಹೆಡ್‌ಫೋನು ತೆಗೆದು, ಎರಡೂ ಕಡೆಯ ಮೆತ್ತೆಯನ್ನು ಬಟ್ಟೆಯಿಂದ ಒರೆಸಿ, ದೊಡ್ಡ ರಾಶಿಯ ಮೇಲೆ ಇಟ್ಟಳು. ಅದರ ಕಾರ್ಡನ್ನು ಎರಡಾಗಿ ಹರಿದಳು. ಇನ್ನೊಂದು ಪೆಟ್ಟಿಗೆಗೆ ಕೈ ಹಾಕಿದಳು.

ವುಕಾಶಿನ್ ಮುಂದೆ ಬಂದು, ಅವಳ ಎಡಭುಜದ ಪಕ್ಕದಲ್ಲೇ ನಿಂತು, ಬಗ್ಗಿ, ದನಿ ಏರಿಸಿ ಕೇಳಿದ: "ಲ್ಯುಬಿಂಕಾ, ನಾನು ಕೇಳಿದ್ದು ಕೇಳಿಸ್ಲಿಲ್ವಾ ನಿಮಗೆ?"

"ಆ ಕಿವಿ ನನಗಿಂತ ಎರಡು ವರ್ಷ ಮುಂಚೆ ಪೆನ್ಷನ್ ತಗೊಂಡಿದೆ, ಗಜ್ದಾ," ಅಂದಳು ಪೆಟ್ಟಿಗೆ ಬಿಚ್ಚುತ್ತ. "ಈ ಕಡೆ ಬಂದು ಕೇಳಿ."