ಬೆನ್ನಿಗೆ ಹತ್ತಿದ ಮಣ್ಣು

ಅಥವಾ ಆ ಕೆಂಪು ಮಣ್ಣು ಪೈಲ್ವಾನನ ಎಡಭುಜದ ಮೇಲಿತ್ತೋ ಏನೋ. ಇಷ್ಟು ವರ್ಷ ಬಲಭುಜ ಎಂದೇ ಹೇಳಿಕೊಂಡು ಬಂದಿದ್ದೇನೆ; ಹೇಳಿ ಹೇಳಿ ಅದು ಬಲಕ್ಕೆ ಸರಿದಿರಲೂಬಹುದು. ಯಾವ ಭುಜವಾದರೇನು, ಒಂದಕ್ಕೇ ಹತ್ತಿತ್ತೋ ಎರಡಕ್ಕೂ ಹತ್ತಿತ್ತೋ ಎನ್ನುವುದೇ ಮುಖ್ಯ. ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ಹತ್ತಿದರೆ ಚಿತ್, ಅಂದರೆ ಸೋಲು. ಒಂದೇ ಹತ್ತಿದರೆ ಸೋಲಲ್ಲ.

ಎಪ್ಪತ್ತರ ದಶಕದ ನವಲಗುಂದ. ನನಗಾಗ ಹತ್ತೊಂಬತ್ತು. ಓಣಿಯ ಪೈಲ್ವಾನನಿಗೆ ಓಣಿಯ ಮನೆಗಳೇ ಹಾಲು ಕೊಟ್ಟು ಸಾಕುವ ರೂಢಿ. ನಮ್ಮ ಪೈಲ್ವಾನ ಜಮಖಾನೆ ನೇಯುವವರ ಮನೆಯ ಮಗ. ಅವನ ಸಂಜೆಯ ಹಾಲು ನಮ್ಮ ಎಮ್ಮೆಯದು, ಹಿಂಡುತ್ತಿದ್ದವಳು ನಾನು. ಇದನ್ನು ಗೊತ್ತುಮಾಡಿದವರು ಕಾಕಾ, ಅಪ್ಪನ ತಮ್ಮ. ಮನೆಯವರು ನೀರುಮಜ್ಜಿಗೆ ಕುಡಿದು ಮಂದಿಯ ತೊಡೆ ಬೆಳೆಸುತ್ತಿದ್ದೇವೆಂದು ಅವ್ವ ದಿನಾ ಗೊಣಗುತ್ತಿದ್ದಳು.

ನಾನು ಅವನ ಒಂದು ಕುಸ್ತಿಯನ್ನೂ ನೋಡಿದವಳಲ್ಲ. ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ಕಾಕಾ ರೊಟ್ಟಿ ಮುರಿಯುತ್ತ ಹೇಳಿದ್ದನ್ನು ಕೇಳಿ ಪಟ್ಟುಗಳನ್ನೆಲ್ಲ ಕಲಿತಿದ್ದೆ. ಹಾಗಾಗಿ ನೋಡದ ಕುಸ್ತಿಗಳೂ ಇಂದಿಗೂ ಕಣ್ಣಿಗೆ ಕಟ್ಟುತ್ತವೆ. ಇಂಥ ಕಣ್ಣನ್ನು ಎಷ್ಟು ನಂಬುವುದು?

ಅವನನ್ನು ಎರಡು ಸಲ ಕೆಡವಿದ್ದ ಯರಗುಪ್ಪಿಯ ಪೈಲ್ವಾನನ ಜೋಡಿ ಮತ್ತೆ ಕುಸ್ತಿ ಗೊತ್ತಾಯಿತು. ಈ ಸಲ ಬಿದ್ದರೆ ಹಾಲು ಬಂದ್ ಎಂದಳು ಅವ್ವ.

ಆ ದಿನ ಮಾಳಿಗೆ ಏರಿ ಕೂತೆ. ಹಿಂದೊಮ್ಮೆ ಅವನು ಗೆದ್ದಾಗ ನಾನು ಜೋಳ ಹಸನು ಮಾಡುತ್ತಿದ್ದೆ. ಅದಕ್ಕೇ ಹಸನಾಗಿದ್ದ ಜೋಳವನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಕೇರಿದೆ. ದೂರದಿಂದ ಹಲಗೆಯ ಸದ್ದು ಬರುತ್ತಿತ್ತು. ಗೆದ್ದರೆ ಹಲಗೆ ನಮ್ಮ ಓಣಿಗೇ ಬರಬೇಕು. ಸದ್ದು ಚುರುಕಾಯಿತು, ನಿಂತಿತು. ಓಣಿಗೆ ಯಾರೂ ಬರಲಿಲ್ಲ.

ಕಾಕಾ ಬಂದು ಕಾಲು ತೊಳೆದುಕೊಂಡು, "ಸಮ ಬಿಡಿಸಿದ್ರು, ವೈನಿ," ಅಂದರು.

"ಸಮ ಆದ್ರ ನಿನ್ನ ಮಾರಿ ಯಾಕ ಹಿಂಗಾಗೇತಿ?" ಅಂದಳು ಅವ್ವ.

ಕಾಕಾ ಕಾಲೊರೆಸಿಕೊಂಡು ಒಳಗೆ ಹೋದರು. ಬಾಜು ಮನೆಯವರು ಮಾತ್ರ, ಬಿದ್ದದ್ದು ಚಿತ್ತೇ, ಜಗಳವಾದೀತೆಂದು ಪಂಚರು ಸಮ ಎಂದರು ಎಂದು ಗೋಡೆಯಾಚೆಯಿಂದಲೇ ಹೇಳಿದರು.

ಹೊತ್ತು ಮುಳುಗುವಾಗ ಎಂದಿನಂತೆ ಅವನು ಬಂದ. ಮೈಮೇಲೆ ಅಂಗಿ ಇರಲಿಲ್ಲ, ಒಂದು ಭುಜದ ಮೇಲೆ ಟವೆಲ್ಲು. ನಮ್ಮದು ಕಪ್ಪು ಎರೆ ನೆಲ. ಕುಸ್ತಿಗೆಂದು ದೇವಿಕೊಪ್ಪದ ಕಡೆಯಿಂದ ಕೆಂಪು ಮಣ್ಣು ತರಿಸಿ, ಎಣ್ಣೆ ಮಜ್ಜಿಗೆ ಬೆರೆಸಿರುತ್ತಿದ್ದರು. ಮೈಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಬಾಗಿಲಲ್ಲೇ ನಿಂತು ಹಾಲು ಕುಡಿದು ಚರಿಗೆ ಕೆಳಗಿಟ್ಟ.

"ನಾಳಿಂದ ಹಾಲು ಇಡಬ್ಯಾಡ್ರಿ, ಅವ್ವಾರ."

"ಯಾಕಪಾ, ಬಿದ್ದಿಯೇನ?"

"ಎಮ್ಮಿ ಗಬ್ಬ ಐತೆಲ್ರಿ," ಅಂದ. ನಕ್ಕ ಎಂದು ನನ್ನ ನೆನಪು. ಅದನ್ನು ನಾನೇ ಸೇರಿಸಿರಬಹುದು.

ಎಮ್ಮೆ ಗಬ್ಬವಾಗಿದ್ದು ನಿಜ. ಆದರೆ ಹಾಲು ಬತ್ತುವುದಕ್ಕೆ ಇನ್ನೂ ಎರಡು ಮೂರು ತಿಂಗಳಿತ್ತು. ಅವನು ತಿರುಗಿದಾಗ ಬೆನ್ನು ನೋಡಿದೆ. ಟವೆಲ್ಲಿಲ್ಲದ ಭುಜ ಕೆಂಪಗಿತ್ತು. ಇನ್ನೊಂದು ಟವೆಲ್ಲಿನ ಕೆಳಗೆ.

ಮರುದಿನ ಸಂಜೆ ಅವ್ವ ತಾನೇ ಚರಿಗೆ ತುಂಬಿಸಿ ಬಾಗಿಲ ಬಳಿ ಇಟ್ಟಳು. ಹಾಲು ಕೆನೆಗಟ್ಟಿತು, ಅವನು ಬರಲಿಲ್ಲ. ಆಮೇಲೆ ಅವನು ಕುಸ್ತಿ ಹಿಡಿದ ಸುದ್ದಿಯನ್ನು ಕಾಕಾ ಎಂದೂ ತರಲಿಲ್ಲ. ಅವನು ಮಗ್ಗದ ಮುಂದೆ ಕೂತಿದ್ದು ಕಾಣುತ್ತಿತ್ತು. ಎಂಟು ಮನೆ ಆಚೆ, ಅಷ್ಟೇ. ನಾನು ಮದುವೆಯಾಗಿ ಊರು ಬಿಡುವ ತನಕ ಕೇಳಬಹುದಿತ್ತು.

ಕೇಳಲಿಲ್ಲ. ಟವೆಲ್ಲಿನ ಕೆಳಗಿನ ಭುಜಕ್ಕೆ ಮಣ್ಣು ಹತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.