ಪೂಜೆಗೆಂದು ಎಣ್ಣೆ ಕುಡಿದ ಬೋಲ್ಟುಗಳು

ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಬಡಾವಣೆಯ ನಮ್ಮ ಕಚೇರಿಯಲ್ಲಿ ಆಯುಧಪೂಜೆಯಂದು ಕಂಪ್ಯೂಟರುಗಳಿಗೆ ಗೊಂಡೆಹೂವು ಮುಡಿಸುತ್ತಾರೆ. ಆ ಹೂವಿನ ಘಾಟಿಗೆ ಗ್ರೀಸಿನ ವಾಸನೆಯೂ ಬೆರೆಯಲೆಂದು ನನ್ನ ಮೂಗು ವ್ಯರ್ಥವಾಗಿ ಕಾಯುತ್ತದೆ. ಇದೇ ಓಣಿಯಲ್ಲಿ ಹಿಂದೆ ವಾಲ್ವ್ ತಯಾರಿಸುವ ಕಾರ್ಖಾನೆಯಿತ್ತು. ಉಡುಪಿಯ ಕಡೆಯಿಂದ ಬಂದ ನನ್ನ ಅಪ್ಪ ಅದರ ಕ್ಯಾಂಟೀನು ನಡೆಸುತ್ತಿದ್ದರು. ಕ್ಯಾಂಟೀನಿನ ಹಿಂದಿನ ಒಂದೇ ಕೋಣೆ ನಮ್ಮ ಮನೆ. ಯಂತ್ರಗಳ ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಕಾರ್ಖಾನೆಯ ಫಿಟರ್, ಕುಂದಾಪುರದ ಸದಾಶಿವ ಮಾಮ ನನಗೆ ಮಗ್ಗಿ ಕಲಿಸಿದವರು. "ಅಣ್ಣಾ, ನಿಮ್ಮ ಚಾದಲ್ಲಿ ಹಾಲಿಲ್ಲ, ಎಮ್ಮೆಯ ನೆನಪು ಮಾತ್ರ ಉಂಟು," ಎಂದು ದಿನವೂ ಕೆಣಕುತ್ತಿದ್ದರು. "ನೆನಪಿಗೆ ಬಿಲ್ ಹಾಕ್ಲಿಲ್ಲ ಅಲ್ವಾ, ಕುಡೀರಿ ಮಾರಾಯ್ರೆ," ಎನ್ನುತ್ತಿದ್ದರು ಅಪ್ಪ.

ನಾನು ಶಾಲೆಯಲ್ಲಿದ್ದಾಗ ಒಂದು ವರ್ಷ ಪೂಜೆಗೆ ಮೊದಲು ಮಾಲೀಕ ಸೇಠರೇ ಶೆಡ್ಡಿಗೆ ಬಂದರು. "ಊಪರ್ ಊಪರ್ ಸೇ ನಹೀ. ನೀಚೇ ಕೇ ಬೋಲ್ಟ್ ಭೀ ಖೋಲ್ ಕೇ ಸಾಫ್ ಕರೋ, ಲಕ್ಷ್ಮೀ ಆಯೇಗೀ," ಎಂದರು. ಮೇಲೆಮೇಲೆ ಒರೆಸಿದರೆ ಸಾಲದು, ಕೆಳಗಿನ ಬೋಲ್ಟುಗಳನ್ನೂ ಬಿಚ್ಚಿ ಶುಚಿ ಮಾಡಿದರೆ ಲಕ್ಷ್ಮಿ ಬರುತ್ತಾಳಂತೆ. ಪೂಜೆಯ ದಿನ ಯಂತ್ರದ ಯಾವ ಮೂಲೆಯೂ ಕೊಳಕಾಗಿರಬಾರದೆಂಬುದು ನಮ್ಮವರ ನಿಷ್ಠೆ. ಯಂತ್ರಗಳನ್ನು ನೆಲಕ್ಕೆ ಬಿಗಿದಿದ್ದ, ವರ್ಷಗಳಿಂದ ತುಕ್ಕು ಹಿಡಿದಿದ್ದ ಬೋಲ್ಟುಗಳಿಗೆ ಮಾಮ ಮತ್ತು ಸಂಗಡಿಗರು ಎಣ್ಣೆ ಕುಡಿಸಿದರು. ಬಿಚ್ಚಿ, ಒರೆಸಿ, ಹಗುರಾಗಿ ತಿರುಗಿಸಿ ಕೂರಿಸಿ, ಕುಂಕುಮವಿಟ್ಟರು. ಅಪ್ಪ ಶೀರಾ ಮಾಡಿದರು. ಸೇಠರು ಕೇಳಿ ಹಾಕಿಸಿಕೊಂಡು ತಿಂದರು.

ಹಬ್ಬದ ರಜೆ ಮುಗಿಸಿ ಬಂದ ಕೆಲಸಗಾರರಿಗೆ ಗೇಟು ಮುಚ್ಚಿತ್ತು. ಒಳಗೆ ಕ್ರೇನು ಯಂತ್ರಗಳನ್ನು ಕುಂಕುಮದ ಸಮೇತ ಲಾರಿಗೆ ಎತ್ತುತ್ತಿತ್ತು. ಬೋಲ್ಟುಗಳು ಬೆರಳಿಗೇ ಬಿಚ್ಚಿಕೊಳ್ಳುತ್ತಿದ್ದವು. ನಗರ ಬೆಳೆದಂತೆ ಕಾರ್ಖಾನೆಯ ನೆಲವು ಅಲ್ಲಿ ತಯಾರಾಗುವ ವಸ್ತುವಿಗಿಂತ ದುಬಾರಿಯಾಗುತ್ತದೆ, ಆಗ ಉದ್ಯಮ ಹೊರಡುತ್ತದೆ ಎಂದು ನಾನು ಮುಂದೆ ಕಾಲೇಜಿನಲ್ಲಿ ಓದಿದೆ. ಪಕ್ಕದ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಮಾತ್ರ ಉಳಿಯಿತು. ಅದರ ಗಿರಾಕಿಗಳು ಸುತ್ತಮುತ್ತಲೇ ಇದ್ದರು. ಕಾರಣಗಳೆಲ್ಲ ಸರಿಯಾಗಿವೆ. ನಿಮ್ಮ ಬಾಲ್ಯದ ಅಂಗಳವೂ ಹೀಗೆ ಸರಿಯಾದ ಕಾರಣಕ್ಕೇ ಹೋಗಿದ್ದರೆ, ಆ ಸರಿತನ ಎಷ್ಟು ತಣ್ಣಗಿರುತ್ತದೆಂಬುದು ನಿಮಗೆ ತಿಳಿದಿರುತ್ತದೆ.

ಕಾರ್ಖಾನೆಯ ಮ್ಯಾನೇಜರು ಅಪ್ಪನಿಗೆ ಒಂದು ಕರಾರು ಹಾಕಿದ್ದರು: ನನ್ನ ಪರೀಕ್ಷೆ ಮುಗಿಯುವವರೆಗೆ ಕೋಣೆಯಲ್ಲಿರಬಹುದು, ಆದರೆ ಊಟ ಯಂತ್ರ ಸಾಗಿಸುವವರಿಗೆ ಮಾತ್ರ, ಕೆಲಸ ಕಳೆದುಕೊಂಡವರಿಗೆ ಒಂದು ತುತ್ತನ್ನೂ ಹಾಕಕೂಡದು. ಗೇಟು ಮುಚ್ಚಿದ್ದ ಆ ಮಧ್ಯಾಹ್ನ, ಕ್ಯಾಂಟೀನಿನ ಓಣಿಯ ಕಡೆಯ ಬಾಗಿಲಿನಿಂದ ಸದಾಶಿವ ಮಾಮ ಒಳಬಂದರು. ಎಂದಿನಂತೆ ತಟ್ಟೆ ತೆಗೆದುಕೊಂಡು ಅಪ್ಪನೆದುರು ಹಿಡಿದರು. ಮ್ಯಾನೇಜರು ಒಳಬಾಗಿಲಲ್ಲೇ ನಿಂತಿದ್ದರು. ಅಪ್ಪ ನನ್ನತ್ತ ಒಮ್ಮೆ ನೋಡಿ, ಸೌಟನ್ನು ಸಾರಿನೊಳಗೇ ಬಿಟ್ಟರು.

"ಇವತ್ತು ಲೋಡಿಂಗಿನವರಿಗೆ ಮಾತ್ರ, ಸದಾಶಿವ."

ಮಾಮ ತಲೆಯಾಡಿಸಿದರು. "ಆಯ್ತು ಅಣ್ಣ. ಹುಡುಗಿ ಓದ್ಲಿ," ಎಂದರು. ಅಗುಳೂ ಸೋಕದ ಆ ತಟ್ಟೆಯನ್ನು ನಲ್ಲಿಯಡಿ ತೊಳೆದು, ಒರೆಸಿ, ಉಳಿದವುಗಳ ಮೇಲೆ ಸದ್ದಾಗದಂತೆ ಇಟ್ಟು ಹೊರಟರು.