ಏಳನೇ ಬುಟ್ಟಿಯವರೆಗೆ

ಭೂತ, ಪ್ರೇತ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಕ್ಕು ಎದ್ದು ಹೋಗುತ್ತಿದ್ದ ಮನುಷ್ಯ ನಾನು. ಕಾಫಿ ಕುಯ್ಲಿನ ಕಾಲದಲ್ಲಿ ನಮ್ಮ ಕಡೆ ಇಂಥ ಕಥೆಗಳಿಗೆ ಬರವಿಲ್ಲ. ಕೇಳಿ ನಗುವವರಲ್ಲಿ ನಾನೇ ಮೊದಲಿಗ. ಇದನ್ನು ಬರೆಯುತ್ತಿರುವಾಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಜಾವಳಿಯ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಕೆಲವು ವರ್ಷಗಳ ಹಿಂದೆ ಬಂದಿದ್ದ ಅತಿಥಿಯೊಬ್ಬರು ನನಗೆ ಡಿಸ್ಕ್ ಗಾಲ್ಫ್ ಎಂಬ ಆಟದ ಹುಚ್ಚು ಹತ್ತಿಸಿ ಹೋದರು. ಒಂದು ಕಂಬ, ಅದಕ್ಕೊಂದು ಕಬ್ಬಿಣದ ಬುಟ್ಟಿ, ಬುಟ್ಟಿಯ ಮೇಲೆ ಸುತ್ತಲೂ ಇಳಿಬಿಟ್ಟ ಸರಪಳಿಗಳು. ದೂರದಿಂದ ಎಸೆದ ಪ್ಲಾಸ್ಟಿಕ್ ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು, ಅಷ್ಟೇ ಆಟ. ಮನೆಯ ಹಿಂದೆ ಕಾಫಿ ಹಾಕದೆ ಬಿಟ್ಟ ಹಕ್ಕಲಿನಲ್ಲಿ ಇಂಥ ಒಂಬತ್ತು ಕಂಬ ನೆಡಿಸಿದೆ. ನಮ್ಮ ಆಳುಗಳು ಅದಕ್ಕೆ ತಟ್ಟೆ ಆಟ ಎಂದು ಹೆಸರಿಟ್ಟರು.

ಅದನ್ನು ನೋಡಿಕೊಳ್ಳುತ್ತಿದ್ದವರು ಮೇಸ್ತ್ರಿ ಮಂಜಯ್ಯ. ನನಗಿಂತ ಬಹಳ ದೊಡ್ಡವರು. ಕಾಳುಮೆಣಸಿನ ಕೆಲಸ ನನಗೆ ಕಲಿಸಿದವರೇ ಅವರು. ಒಂದೊಂದು ಕಂಬದ ಸುತ್ತ ಹುಲ್ಲು ಸವರಿ ಮುಗಿದ ಮೇಲೆ ಕತ್ತಿಯ ಹಿಂಬದಿಯಿಂದ ಸರಪಳಿಗೆ ಎರಡು ಸಲ ತಟ್ಟುತ್ತಿದ್ದರು. ಝಣ್, ಝಣ್. ಇದಾಯಿತು, ಮುಂದಿನದಕ್ಕೆ ನಡೆಯಿರಿ ಎಂದು ಕೆಲಸದ ಹೆಂಗಸರಿಗೆ ಅದು ಸೂಚನೆ.

ಒಂದು ಮಳೆಗಾಲ ನನ್ನನ್ನು ಕೇಳದೆ ಅವರು ಒಂಬತ್ತೂ ಕಂಬಗಳ ಬುಡಕ್ಕೆ ಮೆಣಸಿನ ಬಳ್ಳಿ ನೆಟ್ಟರು. ನೆಟ್ಟಗೆ ನಿಂತದ್ದು ಏನೇ ಕಂಡರೂ ಅದಕ್ಕೊಂದು ಬಳ್ಳಿ ಹಬ್ಬಿಸದಿದ್ದರೆ ನಮ್ಮ ಜನರ ಕೈ ಸುಮ್ಮನಿರುವುದಿಲ್ಲ. ಆಡಲು ಬಂದ ಅತಿಥಿಗಳು ಅದನ್ನು ನೋಡಿ ಬಿದ್ದು ಬಿದ್ದು ನಕ್ಕರು. ನನಗೆ ತಲೆ ತಗ್ಗಿಸುವಂತಾಯಿತು. ಅವರೆದುರೇ, "ನಿಮ್ಮ ತಲೇಲಿ ಏನ್ ಸಗಣಿ ತುಂಬಿದ್ಯಾ ಮೇಸ್ತ್ರಿ?" ಎಂದುಬಿಟ್ಟೆ. ಮಂಜಯ್ಯ ಕತ್ತಿಯನ್ನು ಜಗಲಿಯ ಮೇಲಿಟ್ಟು ಹೋದವರು ಮತ್ತೆ ಬರಲಿಲ್ಲ.

ಅವರ ಮನೆ ನಮ್ಮ ಗೇಟಿನಿಂದ ಕಾಲು ಗಂಟೆಯ ದಾರಿ. ಹೋಗಿ ಕರೆಯಿರಿ ಎಂದು ಹೆಂಡತಿ ಎಷ್ಟು ಸಲ ಹೇಳಿದರೂ ನನ್ನ ಜಂಬ ಬಿಡಲಿಲ್ಲ. ಬೇರೆ ಆಳುಗಳಿಗೆ ಆ ಜಾಗ ಬೇಕಿರಲಿಲ್ಲ. ಎರಡೇ ಮಳೆಗಾಲದಲ್ಲಿ ಲಂಟಾನದ ಮುಳ್ಳುಪೊದೆ ನುಗ್ಗಿತು, ಬುಟ್ಟಿಗಳ ತಳ ತುಕ್ಕು ಹಿಡಿದು ಉದುರಿತು, ಆಡುವವರು ಬರುವುದು ನಿಂತಿತು. ಮೆಣಸಿನ ಬಳ್ಳಿ ಮಾತ್ರ ಸೊಗಸಾಗಿ ಹಬ್ಬಿ ಸರಪಳಿಗಳನ್ನು ಬಿಗಿಯಾಗಿ ಹೆಣೆದುಕೊಂಡಿತು. ಆಟ ಹೋದದ್ದಕ್ಕೆ ನನಗೆ ಅಷ್ಟು ಬೇಸರವಿರಲಿಲ್ಲ. ಮೇಸ್ತ್ರಿ ಇಲ್ಲದ್ದು ದಿನವೂ ಚುಚ್ಚುತ್ತಿತ್ತು.

ಗೌರಿ ಹಬ್ಬ ಮುಗಿದ ವಾರ, ಒಂದು ಮಧ್ಯಾಹ್ನ. ಹೆಂಡತಿ ಮೂಡಿಗೆರೆಗೆ ಹೋಗಿದ್ದಳು. ಕಣದಲ್ಲಿ ಕೂತು ಹರಿದ ಟಾರ್ಪಾಲ್ ಹೊಲಿಯುತ್ತಿದ್ದೆ. ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ಆಗ ಹಕ್ಕಲಿನ ಕಡೆಯಿಂದ ಕೇಳಿಸಿತು: ಝಣ್, ಝಣ್.

ಸೂಜಿ ಹಿಡಿದ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಸಲ, ಇನ್ನೊಂದು ಕಂಬದ ಜಾಗದಿಂದ. ಮೇಸ್ತ್ರಿ ಬಂದರೆಂದು ಖುಷಿಯಿಂದಲೇ ಓಡಿದೆ. ಮೊದಲ ಕಂಬದ ಹತ್ತಿರ ಯಾರೂ ಇಲ್ಲ, ಒಂದು ಹುಲ್ಲುಕಡ್ಡಿಯೂ ಮುರಿದಿಲ್ಲ. ಸರಪಳಿ ಹಿಡಿದು ಜಗ್ಗಿದೆ. ಬಳ್ಳಿಯ ಹಿಡಿತಕ್ಕೆ ಅದು ಅಲುಗಲೇ ಇಲ್ಲ, ಸದ್ದೆಲ್ಲಿಂದ ಬರಬೇಕು? ಅಷ್ಟರಲ್ಲಿ ಮುಂದಿನ ತಿರುವಿನಲ್ಲಿ ಮೂರನೆಯದು ಬಡಿಯಿತು. ಮೇಸ್ತ್ರಿ ಎಂದು ಕೂಗುತ್ತ, ಲಂಟಾನದಲ್ಲಿ ಕೈಕಾಲು ತರಚಿಕೊಂಡು ಹಿಂದೆಯೇ ಹೋದೆ. ನಾಲ್ಕು, ಐದು, ಆರು. ಏಳನೆಯದು ಬಡಿದಾಗ ನಾನು ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕಂಬ ಕಣ್ಣೆದುರಿಗಿತ್ತು, ಒಂದು ಎಲೆಯೂ ಅಲುಗಲಿಲ್ಲ. ಎಂಟನೆಯದಕ್ಕೆ ಕಾದೆ, ಕೇಳಿಸಲಿಲ್ಲ.

ನಗಬೇಡಿ. ಮೇಸ್ತ್ರಿ ತೀರಿಕೊಂಡುಬಿಟ್ಟರು ಎಂದೇ ನನಗೆ ಅನಿಸಿತು. ಒಂದು ಮಾತು ತಪ್ಪಾಯಿತು ಎನ್ನಲಾಗದೆ ಎರಡು ವರ್ಷ ಕಳೆದೆನಲ್ಲ. ಚಪ್ಪಲಿಯ ನೆನಪೂ ಇಲ್ಲದೆ ಅವರ ಮನೆಗೆ ಓಡಿದೆ.

ಮಂಜಯ್ಯ ಜಗಲಿಯಲ್ಲಿ ಕಂಬಳಿ ಹೊದ್ದು ಕಾಫಿ ಕುಡಿಯುತ್ತಿದ್ದರು. "ಏನ್ ಗೌಡ್ರೆ, ಬರಿಗಾಲಲ್ಲಿ? ಆನೆ ಗೀನೆ ಬಂತಾ?" ಎಂದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮಗಳನ್ನು ಕೂಗಿ ನನಗೂ ಕಾಫಿ ತರಿಸಿದರು.

"ನೂರು ವರ್ಷ ಆಯಸ್ಸು ನಿಮ್ಗೆ. ಈಗ್ಲೇ ಊಟ ಮಾಡಿ ಒಂಚೂರು ಅಡ್ಡಾಗಿದ್ದೆ. ನಿಮ್ ತಟ್ಟೆ ಆಟದ ಜಾಗದಲ್ಲಿ ಹುಲ್ಲು ಸವರ್ತಾ ಇದ್ದ ಹಂಗೆ ಕನಸು. ಏಳು ಕಂಬ ಮುಗ್ಸಿದ್ದೆ, ಇವ್ಳು ಕಾಫಿ ಅಂತ ಎಬ್ಬಿಸ್ಬಿಟ್ಲು."

ಲೋಟ ಕೆಳಗಿಟ್ಟೆ. ಕೇಳಿಸಿದ್ದನ್ನು ಹೇಳಲಿಲ್ಲ. "ಅವತ್ತು ನಾನು ಹಂಗೆ ಮಾತಾಡ್ಬಾರ್ದಿತ್ತು ಮೇಸ್ತ್ರಿ. ಇನ್ನೆರಡು ಕಂಬ ಉಳೀತಲ್ಲ, ನಾಳೆ ಬನ್ನಿ" ಎಂದೆ.

ಅವರು ಕಾಫಿ ಮುಗಿಸಿದರು. ಆಮೇಲೆ, "ಬಳ್ಳಿ ಕೀಳ್ಬೇಕಾ, ಬಿಡ್ಬೇಕಾ? ಅದ್ನ ಮೊದ್ಲೇ ಹೇಳಿ ಮಾರಾಯ್ರೆ" ಎಂದರು. ಬಿಡಿ ಎಂದೆ.

ಮರುದಿನ ಬಂದರು, ಈಗಲೂ ಬರುತ್ತಾರೆ. ಆಟದ ಜಾಗ ಮತ್ತೆ ಎದ್ದು ನಿಲ್ಲಲಿಲ್ಲ, ಮೆಣಸು ಚೆನ್ನಾಗಿದೆ. ಆ ಸದ್ದನ್ನು ನನ್ನ ಮನಸ್ಸಿನ ಭ್ರಮೆ ಎನ್ನೋಣವೆಂದರೆ, ಅದು ಏಳಕ್ಕೇ ಏಕೆ ನಿಂತಿತು? ಎಷ್ಟು ಯೋಚಿಸಿದರೂ ತಳ ಸಿಗುವುದಿಲ್ಲ. ಅದು ಕೇಳಿಸದಿದ್ದರೆ ನಾನಾಗಿ ಅವರ ಮನೆಗೆ ಹೋಗುತ್ತಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತು.